ದಪ್ಪಗಾದ ಎಳೆ

ಆನಂದಪುರದ ಸುತ್ತಮುತ್ತ ಹಸೆಗೋಡೆ ಬರೆಯಬೇಕೆಂದರೆ ಇಂದಿಗೂ ಶೇಷಮ್ಮನನ್ನೇ ಕರೆಯುತ್ತಾರೆ. ಮದುಮಕ್ಕಳು ಕೂರುವ ಆ ಕೆಮ್ಮಣ್ಣಿನ ಗೋಡೆಯ ಮೇಲೆ, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿಗೆ ಅದ್ದಿ ಅವರು ಎಳೆಯುವ ಒಂದೊಂದು ಎಳೆಯೂ ಕೂದಲಿನಷ್ಟು ಸಣ್ಣ. ನಲವತ್ತು ವರ್ಷಗಳಲ್ಲಿ ಅಳತೆಪಟ್ಟಿ ಮುಟ್ಟಿದವರಲ್ಲ.

ಮೈದುನನ ಮಗಳು ಭವ್ಯಾಳ ಮದುವೆಗೆ ಮೂರೇ ದಿನವಿದ್ದಾಗ, ಬರೆಯುತ್ತಿದ್ದಂತೆಯೇ ಕುಂಚ ಕೈಜಾರಿತು. ಎತ್ತಿಕೊಂಡರು, ಮತ್ತೆ ಜಾರಿತು. ಹೆಬ್ಬೆರಳು ತೋರುಬೆರಳನ್ನು ಮುಟ್ಟಲೊಲ್ಲದು. ನೋವಿಲ್ಲ, ಜೋಮಿಲ್ಲ, ತೋಳು, ಕಾಲು, ಮಾತು ಎಲ್ಲವೂ ನೆಟ್ಟಗಿವೆ.

"ರಾತ್ರಿ ಕೈ ಅಡಿಗ್ ಹಾಕ್ಕಂಡು ಮಲ್ಗಿದ್ರೇನೋ ಅಕ್ಕಾ. ನರ ಹಿಡ್ದದೆ. ಎಣ್ಣೆ ಹಚ್ಚಿ ನೀವ್ತೀನಿ, ಬನ್ನಿ," ಎಂದರು ವಾರಗಿತ್ತಿ ಜಲಜಮ್ಮ.

"ಎಣ್ಣೆಕೈಲಿ ಬರುದ್ರೆ ನಿನ್ ಮಗಳ ಹಸೆ ಜಾರ್ತದೆ ಕಣೇ!"

ಶೇಷಮ್ಮ ಕುಂಚವನ್ನು ಬೆರಳಿಗೆ ದಾರದಿಂದ ಬಿಗಿದುಕೊಂಡರು. ಎಳೆ ದಪ್ಪಗಾಯಿತು. ಎದ್ದರು, ಕೂತರು, ಬೆರಳು ತಿಕ್ಕಿದರು, ಮತ್ತೆ ಕೂತರು. ಭವ್ಯಾ ಕಾಫಿ ತಂದಳು; ಲೋಟ ನೆಲಕ್ಕೆ ಬಿತ್ತು. ಅವಳು ತಕ್ಷಣ ದೊಡ್ಡಮ್ಮನನ್ನು ಕಾರು ಹತ್ತಿಸಿದಳು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು ಒಂದೇ: "ಯಾವಾಗ ಶುರುವಾಯ್ತಮ್ಮಾ?"

"ಬೆಳಿಗ್ಗೆ ಏಳುವಾಗ್ಲೇ ಹಿಂಗಿತ್ತು," ಎಂದರು ಶೇಷಮ್ಮ. ವಾರಗಿತ್ತಿಯ ಊಹೆ ಅಷ್ಟರಲ್ಲಿ ಅವರ ನೆನಪೇ ಆಗಿಬಿಟ್ಟಿತ್ತು.

ಡಾಕ್ಟರ ಹುಬ್ಬು ಗಂಟಿಕ್ಕಿತು. ಇದು ಲಕ್ವ ಎಂದರು; ರಕ್ತದ ಹೆಪ್ಪು ಕರಗಿಸುವ ಮದ್ದಿಗೆ ಶುರುವಾದಾಗಿನಿಂದ ನಾಲ್ಕೂವರೆ ಗಂಟೆಯ ಗಡುವು. ನಿದ್ದೆಯಲ್ಲಿ ಶುರುವಾದ ಹೊತ್ತು ತಿಳಿಯದೆ ಕೊಟ್ಟರೆ ರಕ್ತಸ್ರಾವದ ಭಯ.

"ಲಕ್ವ ಅಂದ್ರೆ ಬಾಯಿ ಸೊಟ್ಟ ಆಗ್ಬೇಕಲ್ಲ ಡಾಕ್ಟ್ರೇ?" ಎಂದರು ಶೇಷಮ್ಮ.

"ಬೆರಳಿಗೂ ಮಿದುಳಲ್ಲಿ ಬೇರೆ ಜಾಗ ಇದೆಯಮ್ಮಾ. ಅಷ್ಟಕ್ಕೇ ರಕ್ತ ನಿಂತಿರಬಹುದು."

ಭವ್ಯಾ ತಟ್ಟನೆ ಮೊಬೈಲು ಮುಂದೆ ಹಿಡಿದಳು. ಮದುಮಗನಿಗೆ ಕಳಿಸಲೆಂದು ತೆಗೆದ ಗೋಡೆಯ ಚಿತ್ರ. "ದೊಡ್ಡಮ್ಮಾ, ಇದು ಇವತ್ತು ಹತ್ತೂಕಾಲಿಗೆ ತೆಗ್ದಿದ್ದು. ಹಸಿ ಎಳೆ ನೋಡಿ, ಎಷ್ಟು ಸಣ್ಣ ಇದೆ! ಕೈ ಆಗ ಸರಿ ಇತ್ತು."

ಶೇಷಮ್ಮ ಚಿತ್ರವನ್ನು ದಿಟ್ಟಿಸಿದರು. ಕೈ ಸುಳ್ಳು ಹೇಳುವಂತಿರಲಿಲ್ಲ. ಗಡಿಯಾರದಲ್ಲಿ ಒಂದು ಗಂಟೆ, ಗಡುವು ಇನ್ನೂ ಮೀರಿರಲಿಲ್ಲ. ಸ್ಕ್ಯಾನಿನಲ್ಲಿ ರಕ್ತಸ್ರಾವವಿಲ್ಲವೆಂದು ಖಚಿತವಾದೊಡನೆ ಮದ್ದು ನರಕ್ಕಿಳಿಯಿತು.

ಮದುವೆಯ ಹಿಂದಿನ ದಿನ ಮನೆಗೆ ಮರಳುವಾಗ ಹೆಬ್ಬೆರಳು ತೋರುಬೆರಳನ್ನು ಮುಟ್ಟುತ್ತಿತ್ತು, ಒತ್ತುತ್ತಿರಲಿಲ್ಲ. ಮದ್ದಿನಿಂದಲೋ, ತಾನಾಗಿಯೋ? ಡಾಕ್ಟರೂ ಆಣೆಯಿಟ್ಟು ಹೇಳಲಿಲ್ಲ. ದಾರಿಯುದ್ದಕ್ಕೂ ಶೇಷಮ್ಮ ಸೆರಗಿನಂಚನ್ನು ಚಿವುಟುತ್ತಲೇ ಇದ್ದರು.

ಮನೆಯಲ್ಲಿ ಜಲಜಮ್ಮ ದಪ್ಪ ಎಳೆಗಳನ್ನು ಅಳಿಸಲು ಒದ್ದೆಬಟ್ಟೆ ಹಿಡಿದು ನಿಂತಿದ್ದರು.

"ಅಳಿಸ್ಬೇಡ ಕಣೇ. ಹಿಟ್ಟು ಕಲ್ಸು," ಎಂದರು ಶೇಷಮ್ಮ, ಗೋಡೆಯ ಮುಂದೆ ಕೂರುತ್ತ. "ಇದ್ರ ಪಕ್ಕಕ್ಕೇ ಇನ್ನೊಂದೆಳೆ ಎಳೀತೀನಿ. ಕೈ ಎಷ್ಟು ವಾಪಸ್ ಬಂತು ಅಂತ ನಂಗೂ ಗೊತ್ತಾಗ್ಬೇಕಲ್ಲ."