ಕಾರಿನ ಅಡಿಯಲ್ಲಿ ಅಣ್ಣನಿದ್ದ

ಮೂರು ವರ್ಷದ ಹಿಂದಿನ ಮಾತು. ನಮ್ಮಣ್ಣ ಮಾದೇವ ಕಾರಿನ ಅಡಿಗೆ ನುಗ್ಗುವ ಮುಂಚೆ ಮರದ ಕೊರಡು ಅದರ ಜಾಗದಲ್ಲಿದೆಯೋ ಇಲ್ಲವೋ ಅಂತ ನೋಡುವುದು ನನ್ನ ಕೆಲಸವಾಗಿತ್ತು. ಅವತ್ತು ನಾನು ನೋಡಲಿಲ್ಲ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತೇನೆ. ವಾರದ ರಜೆಯ ದಿನ ಅಣ್ಣನ ಕಾರು ರಿಪೇರಿ ಶೆಡ್ಡಿನಲ್ಲಿ ಸ್ಪ್ಯಾನರ್ ಎತ್ತಿಕೊಡುತ್ತಿದ್ದೆ. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ, ಹದಿನಾರು ಅನ್ನುವ ಊರಿಗೆ ತಿರುಗುವ ಕ್ರಾಸಿನ ಹತ್ತಿರ ಆ ಶೆಡ್ಡು. ಮೇಲೆ ಶೀಟು, ಕೆಳಗೆ ಬರೀ ಮಣ್ಣಿನ ನೆಲ. ಕಾರನ್ನು ಜಾಕಿನಿಂದ ಎತ್ತಿ, ಎಡಕ್ಕೊಂದು ಬಲಕ್ಕೊಂದು ಹುಣಸೆ ಮರದ ದಪ್ಪ ಕೊರಡು ಕೊಟ್ಟು ನಿಲ್ಲಿಸುತ್ತಿದ್ದೆವು. ಆ ಕೊರಡುಗಳನ್ನು ಕುಯ್ದುಕೊಟ್ಟವನು ಸಾಮಿಲ್ಲಿನಲ್ಲಿ ಕೆಲಸ ಮಾಡುವ ಸಿದ್ದಪ್ಪಣ್ಣ. ಚಿಕ್ಕಂದಿನಿಂದ ಅಣ್ಣನ ಗೆಳೆಯ.

ಅಣ್ಣನದು ಒಂದು ಪದ್ಧತಿ. ಎಷ್ಟು ಸಲ ಒಳಗೆ ಹೋದರೂ ಅಷ್ಟು ಸಲವೂ, "ಭಾಗ್ಯ, ಕೊರಡು?" ಅನ್ನುತ್ತಿದ್ದ. ನಾನು ಬಗ್ಗಿ ಎರಡೂ ಕಡೆ ಕೈಯಿಂದ ತಟ್ಟಿ ನೋಡಿ, "ಐತೆ" ಅನ್ನಬೇಕು. ನಾನು ಅನ್ನದೆ ಅವನು ತಲೆ ಒಳಗೆ ಹಾಕುತ್ತಿರಲಿಲ್ಲ.

ಅವತ್ತು ನರಸೀಪುರದ ಮೇಷ್ಟರೊಬ್ಬರ ಕಾರು ಬಂದಿತ್ತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತಿತ್ತು, ಗಾಡಿ ಮುಂದಕ್ಕೆ ಹೋಗುತ್ತಿರಲಿಲ್ಲ. ಬೆಳಿಗ್ಗೆಯೇ ಮುಂದಿನ ಚಕ್ರಗಳನ್ನು ಬಿಚ್ಚಿ, ಗೇರ್‌ಬಾಕ್ಸ್ ಇಳಿಸಿ ನೋಡಿದರೆ ಕ್ಲಚ್ ಪ್ಲೇಟ್ ಸವೆದು ಹಪ್ಪಳವಾಗಿತ್ತು.

"ಮೇಷ್ಟ್ರು ಕ್ಲಚ್ ಮೇಲೆ ಕಾಲಿಟ್ಕೊಂಡೇ ಪಾಠ ಮಾಡ್ತಾರೆ ಅಂತ ಕಾಣ್ತದೆ" ಅಂತ ನಕ್ಕು, ಅಣ್ಣ ಹೊಸ ಪ್ಲೇಟ್ ತರಲು ನಂಜನಗೂಡಿಗೆ ಬೈಕಿನಲ್ಲಿ ಹೋದ.

ನಾನು ಊಟಕ್ಕೆ ಕೂರಬೇಕಿತ್ತು. ನೆಲವೆಲ್ಲ ಆಯಿಲು. ಎಡಗಡೆಯ ಕೊರಡು ಸ್ವಲ್ಪ ಸಡಿಲವಾಗಿತ್ತು, ಎಳೆದರೆ ಬಂತು. ಜಾಕ್ ಹಿಡಿದುಕೊಂಡಿದೆಯಲ್ಲ, ಅಣ್ಣ ಬರುವುದರೊಳಗೆ ಮತ್ತೆ ಇಟ್ಟರಾಯಿತು ಅಂದುಕೊಂಡೆ. ಬೇವಿನ ಮರದ ಕೆಳಗೆ ಅದರ ಮೇಲೆ ಕೂತು ಮುದ್ದೆ ಉಂಡೆ. ಆಮೇಲೆ ಫ್ಯಾಕ್ಟರಿಯ ಗೆಳತಿಯ ಫೋನ್ ಬಂತು. ಶಿಫ್ಟ್ ಬದಲಾದದ್ದರ ಬಗ್ಗೆ ಸೂಪರ್‌ವೈಸರನ್ನು ಬೈಯುತ್ತಾ ಕೂತೆವು.

ಅಣ್ಣ ಬಂದದ್ದು, ಹೊಸ ಪ್ಲೇಟ್ ಹೊರತೆಗೆದದ್ದು, ಎಲ್ಲ ಕಂಡೂ ಕಾಣದ ಹಾಗೆ ನಡೆಯಿತು. "ಭಾಗ್ಯ, ಕೊರಡು?" ಅಂದ.

ಫೋನ್ ಕಿವಿಯಲ್ಲೇ ಇತ್ತು. "ಐತೆ ಕಣಣ್ಣ" ಅಂದೆ. ನಾನು ಕೂತಿದ್ದದ್ದೇ ಅದರ ಮೇಲೆ.

ಹೊಸ ಪ್ಲೇಟ್ ನಟ್ಟನಡುವೆ ಕೂರದಿದ್ದರೆ ಗೇರ್‌ಬಾಕ್ಸಿನ ಶಾಫ್ಟು ಅದರೊಳಗೆ ಹೋಗುವುದಿಲ್ಲ. ಅಣ್ಣ ಅಡಿಗೆ ಹೋಗಿ ಪ್ಲೇಟ್ ಕೂರಿಸಿ, ಮಲಗಿಕೊಂಡೇ ಗೇರ್‌ಬಾಕ್ಸನ್ನು ಎದೆಯ ಮೇಲಿಂದ ಎತ್ತಿ, ಅಲ್ಲಾಡಿಸಿ ಅಲ್ಲಾಡಿಸಿ ತಳ್ಳುತ್ತಿದ್ದ. ಅದರ ಜೊತೆ ಕಾರೂ ಅಲ್ಲಾಡುತ್ತಿತ್ತು. ಜಾಕು ಮಣ್ಣಿನಲ್ಲಿ ಓರೆಯಾದದ್ದು ನನ್ನ ಕಣ್ಣಿಗೆ ಬಿತ್ತು. ಬಾಯಿ ತೆಗೆಯುವಷ್ಟರಲ್ಲಿ ಕಾರು ಎಡಕ್ಕೆ ಕುಸಿಯಿತು.

ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಕಾಲು ಮಾತ್ರ. ಒಂದು ಹಿಮ್ಮಡಿ ಮಣ್ಣು ಕೆರೆಯುತ್ತಿತ್ತು.

"ಭಾಗ್ಯ, ಉಸ್ರು ಬತ್ತಿಲ್ಲ" ಅಂದ. ಅದು ಅಣ್ಣನ ಧ್ವನಿಯ ಹಾಗಿರಲಿಲ್ಲ. ಆಮೇಲೆ ಹಿಮ್ಮಡಿಯೂ ನಿಂತಿತು.

ನಾನು ಕಾರಿನ ಅಂಚು ಹಿಡಿದು ಎತ್ತಲು ನೋಡಿದೆ. ನನ್ನ ಕೈಯಲ್ಲಿ ಆಗುತ್ತದೆಯೇ. ರಸ್ತೆಗೆ ಓಡಿ ಕಬ್ಬಿನ ಟ್ರ್ಯಾಕ್ಟರಿಗೆ ಅಡ್ಡ ನಿಂತೆ. ಅದರಲ್ಲಿದ್ದವರು, ಹಿಂದೆ ಬೈಕಿನಲ್ಲಿದ್ದವರು ಎಲ್ಲ ಇಳಿದು ಬಂದರು.

"ಜಾಕ್ ಮುಟ್ಬೇಡಿ ಕಣ್ರಲಾ, ಕೈಲೇ ಎತ್ತಿ. ಅವ್ವಾ, ಎತ್ತಿದ ತಕ್ಷಣ ನೀನು ಅವ್ನ ಕಾಲ್ ಇಡ್ದು ಎಳ್ಕೊ" ಅಂದ ಟ್ರ್ಯಾಕ್ಟರಿನವನು.

ಎಳೆದೆ. ಅಣ್ಣನ ಮುಖ ಬೂದಿಯ ಬಣ್ಣವಾಗಿತ್ತು. ಸತ್ತ ಅಂದುಕೊಂಡೆ. ಯಾರೋ ನೀರು ಚಿಮುಕಿಸಿದರು. ಎದೆ ಒಂದು ಸಲ ಏರಿ ಇಳಿಯಿತು. ಬಿಚ್ಚಿದ ಚಕ್ರವನ್ನು ಅಣ್ಣ ಅಭ್ಯಾಸದಂತೆ ಪಕ್ಕದಲ್ಲೇ ಕಾರಿನಡಿಗೆ ತಳ್ಳಿದ್ದ. ಕಾರು ಅದರ ಮೇಲೆ ಕೂತಿತ್ತು. ಅದೊಂದು ಇಲ್ಲದಿದ್ದರೆ ಇವತ್ತು ಅಣ್ಣ ಇರುತ್ತಿರಲಿಲ್ಲ.

ಅವನನ್ನು ಎಲ್ಲರೂ ಸೇರಿ ರಸ್ತೆಯಲ್ಲಿ ಬಂದ ವ್ಯಾನೊಂದನ್ನು ನಿಲ್ಲಿಸಿ ಹತ್ತಿಸುತ್ತಿದ್ದಾಗ, ಯಾರೂ ಈ ಕಡೆ ನೋಡದ ಹೊತ್ತಿನಲ್ಲಿ, ನಾನು ಬೇವಿನ ಮರದ ಕೆಳಗಿದ್ದ ಕೊರಡನ್ನು ಕಾಲಿನಿಂದ ಉರುಳಿಸಿ ಕಾರಿನ ಪಕ್ಕಕ್ಕೆ ತಂದೆ. ಟ್ರ್ಯಾಕ್ಟರಿನವನು ತಿರುಗಿ, "ಕೊರಡು ಕೊಟ್ಟಿರ್ಲಿಲ್ವಾ?" ಅಂತ ಕೇಳಿದ.

"ಕೊಟ್ಟಿತ್ತು. ಜಾರೋಯ್ತು" ಅಂದೆ.

ಮೂರು ಪಕ್ಕೆಲುಬು ಮುರಿದಿದ್ದವು. ಆಸ್ಪತ್ರೆಯಲ್ಲಿ ಅಣ್ಣ ಕೇಳಿದಾಗಲೂ ಅದನ್ನೇ ಹೇಳಿದೆ. ಅವನು, "ಸಿದ್ದಪ್ಪ ಓರೆ ಕುಯ್ದವ್ನೆ. ಅದ್ಕೇ ಕೂತಿಲ್ಲ" ಅಂದ. ನಾನು ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ಅಷ್ಟು ಸಾಕಾಯಿತು.

ಸಿದ್ದಪ್ಪಣ್ಣ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದರೆ ಅಣ್ಣ ಗೋಡೆಯ ಕಡೆ ಮಗ್ಗುಲಾದ. ಮಾತು ಊರಿಗೂ ಹಬ್ಬಿತು. "ಸಿದ್ದಪ್ಪ ಕುಯ್ದ ಮಣೆ ಮೇಲೆ ಕೂತ್ರೆ ಸೀದಾ ಆಸ್ಪತ್ರೆಗೇ ಕಣ್ಲಾ" ಅಂತ ಟೀ ಅಂಗಡಿಯಲ್ಲಿ ನಗುತ್ತಿದ್ದರು. ಅವನು ಆ ಅಂಗಡಿಗೆ ಹೋಗುವುದನ್ನೇ ಬಿಟ್ಟ. ಅಣ್ಣ ವಾಸಿಯಾಗಿ ಬಂದರೂ ಕಾರಿನ ಅಡಿಗೆ ಹೋಗಲಿಲ್ಲ, ಬೈಕು ಪಂಕ್ಚರುಗಳಲ್ಲೇ ಕಾಲ ಹಾಕಿದ. ಅವನು ಕೆಮ್ಮಿದಾಗೆಲ್ಲ ಪಕ್ಕೆ ಹಿಡಿದುಕೊಳ್ಳುವುದನ್ನು ಕಂಡು ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಕೊರಡು ಉರುಳಿಸಿದ್ದನ್ನು ಯಾರಾದರೂ ನೋಡಿದ್ದರೋ ಏನೋ ಅನ್ನುವ ಭಯ ಬೇರೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಸದ್ದಾದರೆ ಈಗಲೂ ಮುಖ ತಿರುಗಿಸಿಕೊಳ್ಳುತ್ತೇನೆ.

ಹೋದ ತಿಂಗಳು ಒಂದು ಕಾರು ಕ್ಲಚ್ ಹೋಗಿ ನಮ್ಮ ಶೆಡ್ಡಿನ ಮುಂದೆಯೇ ನಿಂತಿತು. ಅಣ್ಣ ಬಹಳ ಹೊತ್ತು ಅದನ್ನು ನೋಡಿ, ಇನ್ನೆಷ್ಟು ದಿನ ಹೆದರುವುದು ಅಂತ ಜಾಕ್ ತೆಗೆದ. ಗೋಣಿಚೀಲ ಹಾಸಿ ಕಾರಿನ ಪಕ್ಕ ಕೂತ. ಕೂತವನು ಮಲಗಲಿಲ್ಲ.

ಸುದ್ದಿ ಹೇಗೆ ಮುಟ್ಟಿತೋ, ಸಿದ್ದಪ್ಪಣ್ಣ ಸೈಕಲ್ಲಿನಲ್ಲಿ ಎರಡು ಹೊಸ ಕೊರಡು ಕಟ್ಟಿಕೊಂಡು ಬಂದ. ಶೆಡ್ಡಿನೊಳಗೆ ಕಾಲಿಡದೆ ರಸ್ತೆಯಲ್ಲೇ ನಿಂತು, "ಮಾದೇವ, ಮಟ್ಟ ಇಡ್ದು ಕುಯ್ದಿವ್ನಿ. ನೀನೇ ನೋಡ್ಕೊ" ಅಂದ.

"ತಕ್ಕೊಂಡೋಗು. ಒಂದ್ ಸಲ ನಿನ್ನ ನಂಬಿ ಸತ್ತಿದ್ದು ಸಾಕು" ಅಂದ ಅಣ್ಣ, ತಿರುಗದೆ.

ಸಿದ್ದಪ್ಪಣ್ಣ ಕೊರಡುಗಳನ್ನು ಮತ್ತೆ ಸೈಕಲ್ಲಿಗೆ ಕಟ್ಟತೊಡಗಿದ. ಹಗ್ಗದ ಗಂಟು ಬೀಳುತ್ತಿರಲಿಲ್ಲ. ನಾನು ಹೋಗಿ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡೆ. ಇಬ್ಬರಿಗೂ ಕೇಳಲಿ ಅಂತ ಜೋರಾಗಿಯೇ ಹೇಳಿದೆ:

"ಅಣ್ಣಾ, ಕೊರಡು ಜಾರ್ಲಿಲ್ಲ. ಕೂತ್ಕೊಂಡು ಉಣ್ಣಕ್ಕೆ ಅಂತ ನಾನೇ ತೆಗ್ದಿದ್ದೆ. ನೀನು ಕೇಳ್ದಾಗ ನೋಡ್ದೆನೇ ಐತೆ ಅಂದೆ. ನೀನು ಸಾಯ್ತಿದ್ದೆ. ಆಮೇಲೆ ಸಿದ್ದಪ್ಪಣ್ಣನ ತಲೆಗೆ ಕಟ್ಟಿ ಸುಮ್ಕೆ ಕೂತೆ. ತಪ್ಪಾಯ್ತು ಕಣಣ್ಣ. ಸಿದ್ದಪ್ಪಣ್ಣ, ನಿನ್ಗೂ ತಪ್ಪಾಯ್ತು ಅಂತೀನಿ. ನನ್ನ ಕ್ಷಮಿಸ್ಬುಡಿ."