ಬರಿ ಬೂದು ಪರದೆಯಲ್ಲಿ ಕಂಡ ಕಲೆ

ಮೀಟರು ತೋರಿಸದ್ದನ್ನು ನಾನು ನಂಬುತ್ತಿರಲಿಲ್ಲ. ಶಕುನ, ಸೂಚನೆ ಎಂದವರನ್ನು ಗೇಲಿ ಮಾಡಿ ಮನೆಯಲ್ಲಿ ಬೈಸಿಕೊಂಡವನು ನಾನು. ಈಗ ನಂಬುತ್ತೇನೆ ಅಂತಲ್ಲ, ಗೇಲಿ ಮಾಡುವುದನ್ನು ಮಾತ್ರ ಬಿಟ್ಟಿದ್ದೇನೆ.

ಪುಣೆಯಲ್ಲಿ ಡಾಕ್ಟರುಗಳು ಎಕ್ಸ್-ರೇ ನೋಡುವ ಮಾನಿಟರುಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಮನೆಯ ಟಿವಿಯಲ್ಲಿ ಒಂದು ಪಿಕ್ಸೆಲ್ ಸತ್ತರೆ ಯಾರಿಗೂ ನಷ್ಟವಿಲ್ಲ. ಇಲ್ಲಿ ಹಾಗಲ್ಲ. ಕಪ್ಪಿಗೂ ಬಿಳಿಗೂ ನಡುವಿನ ನೂರಾರು ಬೂದುಗಳಲ್ಲಿ ಒಂದು ತಪ್ಪಿದರೂ ರೋಗ ಕಣ್ಣಿಗೆ ಬೀಳದೆ ಹೋಗಬಹುದು.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಸ್ವಾರಗೇಟ್ ಹತ್ತಿರದ ಸಣ್ಣ ಎಕ್ಸ್-ರೇ ಕೇಂದ್ರದ ಲೇಡಿ ಡಾಕ್ಟರು, ಮರಾಠಿಯಲ್ಲಿ ಎಲ್ಲರೂ ಕರೆಯುವಂತೆ ಡಾಕ್ಟರ್ ಬಾಯಿ, ಅವಸರದಿಂದ ಕರೆಸಿದರು. ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದ ಭೋರ್ ಕಡೆಯವನೊಬ್ಬ ಆರೋಗ್ಯದ ಸರ್ಟಿಫಿಕೇಟಿಗಾಗಿ ಹೊರಗೆ ಕೂತಿದ್ದ. ಅವನ ಎದೆಯ ಚಿತ್ರದಲ್ಲಿ ಏನೋ ಮಸುಕು. ಒಮ್ಮೆ ಇದೆ ಅನಿಸುತ್ತದಂತೆ, ಒಮ್ಮೆ ಇಲ್ಲ. ಪರದೆಯ ದೋಷವಾದರೆ ಸಹಿ ಹಾಕಿ ಕಳಿಸುವುದು, ಅಲ್ಲವಾದರೆ ಸ್ಕ್ಯಾನ್. ಅಷ್ಟು ಹೇಳಿ ಚಿತ್ರ ಮುಚ್ಚಿ ಊಟಕ್ಕೆ ಹೋದರು.

ಕಿಟಕಿಯ ಪರದೆ ಎಳೆದು ಕೋಣೆ ಕತ್ತಲು ಮಾಡಿ, ಮಾನಿಟರು ಬಿಸಿಯಾಗಲು ಅರ್ಧ ಗಂಟೆ ಬಿಟ್ಟು, ಅದರ ತುಂಬ ಬರಿ ಬೂದು ಬಣ್ಣ ತಂದೆ. ಬೆಳಕು ಅಳೆಯುವ ಮೀಟರು ಎಲ್ಲ ಕಡೆ ಸಮ ತೋರಿಸಿತು. ಆಮೇಲೆ ಇನ್ನೊಬ್ಬರ ಕಣ್ಣಿಗೂ ತೋರಿಸಬೇಕೆಂಬುದು ನಮ್ಮ ನಿಯಮ. ಆಗಷ್ಟೇ ಅವತ್ತಿನ ಕೆಲಸಕ್ಕೆ ಬಂದಿದ್ದ, ಕಸ ಗುಡಿಸುವ ಯಾದಗಿರಿ ಕಡೆಯ ಶರಣಮ್ಮನನ್ನು ಕರೆದೆ.

"ಅಕ್ಕಾ, ಇಲ್ಲಿ ಏನರೆ ಕಲಿ ಕಾಣ್ತದೇನ್ರಿ?"

"ಅದ ಅಲ್ರಿ, ಜ್ವಾಳದ ಕಾಳಿನಷ್ಟು," ಎಂದು ಬಲಗಡೆ ಕೆಳಗೆ ಬೆರಳಿಟ್ಟರು.

ನನಗೇನೂ ಕಾಣಲಿಲ್ಲ. ಒರೆಸಿದೆ. ಅಲ್ಲೇ ಮೀಟರು ಹಚ್ಚಿದೆ, ಅಂಕಿ ಕದಲಲಿಲ್ಲ. ಪಕ್ಕದ ಮಾನಿಟರಿನಲ್ಲೂ ಅದೇ ಬೂದು ತಂದೆ. ಅಲ್ಲೂ ಅದೇ ಜಾಗಕ್ಕೆ ಬೆರಳು. ಒಂದೊಂದೇ ಕಣ್ಣು ಮುಚ್ಚಿಸಿದೆ. ಕಣ್ಣಿನ ದೋಷವಾಗಿದ್ದರೆ ಕಲೆ ನೋಟದ ಜೊತೆ ಓಡಾಡಬೇಕಿತ್ತು. ಬೆರಳು ಕದಲಲೇ ಇಲ್ಲ.

"ಓದಿದವರು ನೀವು, ನಿಮಗ ಕಾಣವಲ್ದೇನ್ರಿ?" ಎಂದು ನಕ್ಕರು.

ಎರಡನೆಯವರಿಗೆ ಕಲೆ ಕಂಡರೆ ಪರದೆಯಲ್ಲಿ ದೋಷವಿದೆ ಎಂದೇ ಬರೆಯಬೇಕು. ನಾನು 'ದೋಷವಿಲ್ಲ' ಎಂದು ಬರೆದೆ. ಕಸ ಗುಡಿಸುವವರ ಮಾತಿಗಿಂತ ನನ್ನ ಮೀಟರು ದೊಡ್ಡದೆಂಬ ಸೊಕ್ಕಿತ್ತು, ಸುಳ್ಳೇಕೆ ಹೇಳಲಿ.

ಡಾಕ್ಟರ್ ಬಾಯಿ ಬಂದು, ನಾನು ಬರೆದದ್ದು ಓದಿ, ಆ ಭೋರ್ ಕಡೆಯವನ ಚಿತ್ರ ತೆರೆದು ಅನುಮಾನದ ಜಾಗ ತೋರಿಸಿದರು. ಬಲಗಡೆ ಕೆಳಗೆ, ಶರಣಮ್ಮ ಬೆರಳಿಟ್ಟಲ್ಲೇ.

ಕೆಲಸ ಕೈತಪ್ಪುತ್ತದೆಂದು ಅವನು ಎಷ್ಟು ಗೋಗರೆದರೂ ಡಾಕ್ಟರ್ ಬಾಯಿ ಸ್ಕ್ಯಾನ್ ಮಾಡಿಸಿದರು. ಎದೆಯಲ್ಲಿ ಸಣ್ಣ ಗಡ್ಡೆಯಿತ್ತು. ಬೇಗ ಸಿಕ್ಕಿದ್ದರಿಂದ ತೆಗೆದರು. ಈಗ ಆರಾಮಾಗಿದ್ದಾನೆ.

ಮುಂದಿನ ಸಲ ಶರಣಮ್ಮನಿಗೆ ಮತ್ತೆ ಅದೇ ಬೂದು ತೋರಿಸಿದೆ. "ಏನೂ ಇಲ್ರಿ, ಸ್ವಚ್ಛ ಅದ," ಅಂದರು. ಹಾಗಾದರೆ ಅವತ್ತು? "ಕಂಡದ್ದು ಹೇಳಿದ್ನ್ರಿ, ನನಗೇನ್ ಗೊತ್ತು!"

ನನಗೂ ಗೊತ್ತಿಲ್ಲ. ಬಲ್ಲವರನ್ನೆಲ್ಲ ಕೇಳಿದ್ದೇನೆ. ಕಲೆಗಿಂತ ಹೆಚ್ಚು ಕಾಡುವುದು ಬೇರೆಯದು. ಶರಣಮ್ಮ ಕಂಡದ್ದು ನಿಜವೇ. ಆದರೆ ನಿಯಮದಂತೆ ನಾನದನ್ನು ಬರೆದಿದ್ದರೆ ಡಾಕ್ಟರ್ ಬಾಯಿ ಪರದೆಯ ದೋಷವೆಂದು ಸಹಿ ಹಾಕಿಬಿಡುತ್ತಿದ್ದರು, ಅವನು ಖುಷಿಯಿಂದ ಬಸ್ಸು ಹತ್ತುತ್ತಿದ್ದ. ಶರಣಮ್ಮನ ಮಾತನ್ನು ನಾನು ನಂಬಲಿಲ್ಲ, ಅದಕ್ಕೇ ಅವನು ಬದುಕಿದ್ದಾನೆ.