ಒರೆಸಿದ ಹಲಗೆ

ಬೆನ್ನುಮೂಳೆ ಇಲ್ಲದ ಹೆಂಗಸು ಅವಳು. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಗೊತ್ತಿಲ್ಲ. ಹದಿಮೂರು ವರ್ಷ, ಒಂಬತ್ತು ಶಾಲೆಗಳಲ್ಲಿ ಗಣಿತ ಕಲಿಸಿದಳು. ಎಲ್ಲ ಕಡೆಯೂ ಬೇರೆಯವರ ರಜೆಯ ಜಾಗದಲ್ಲಿ. ಹೆರಿಗೆಗೆ ಹೋದವರು, ಕಾಲು ಮುರಿದುಕೊಂಡವರು ಹಿಂತಿರುಗಿದ ದಿನ ಚೀಲ ಎತ್ತಿಕೊಂಡು ಹೊರಡುವಳು. ಒಬ್ಬ ಮುಖ್ಯೋಪಾಧ್ಯಾಯರು ಸಂಗೀತದ ಪೀರಿಯಡ್ಡನ್ನೂ ಅವಳ ತಲೆಗೆ ಕಟ್ಟಿದಾಗ "ಹೂಂ" ಎಂದಳು. ಹಾಡಲು ಬಾರದೆ ಮಕ್ಕಳಿಂದ ಮಗ್ಗಿಯನ್ನೇ ರಾಗವಾಗಿ ಹೇಳಿಸಿದಳು. ಸ್ಟಾಫ್ ರೂಮಿನಲ್ಲಿ ಅವಳನ್ನು ಕರೆಯುತ್ತಿದ್ದದ್ದೇ ಹೂಂ ಮೇಡಂ ಎಂದು. ಅದಕ್ಕೂ ಹೂಂ ಎನ್ನುತ್ತಿದ್ದಳು.

ಬರುವ ತಿಂಗಳು ಅವಳಿಗೆ ನಲವತ್ತು ತುಂಬುತ್ತದೆ. ಆಮೇಲೆ ಕಾಯಂ ಹುದ್ದೆಗೆ ಅರ್ಜಿ ಹಾಕುವಂತಿಲ್ಲ. ಹಾಗಾಗಿ ಈ ಸಲದ ಸಂದರ್ಶನವೇ ಕಡೆಯದು.

ಸಂದರ್ಶನದಲ್ಲಿ ಒಂದು ಪಾಠ ಮಾಡಿ ತೋರಿಸಬೇಕಿತ್ತು. ಅವಳು ಭಿನ್ನರಾಶಿಯ ಭಾಗಾಕಾರ ಆರಿಸಿಕೊಂಡಳು. ಹಲಗೆಯ ಮೇಲೆ ಅರ್ಧ ಮೀಟರಿನ ಹಗ್ಗ ಬರೆದು, ಅದರಲ್ಲಿ ಕಾಲು ಮೀಟರಿನ ತುಂಡು ಎಷ್ಟು ಎಂದು ಕೇಳಿದಳು. ಮಕ್ಕಳಂತೆ ಬೆಂಚಿನಲ್ಲಿ ಕೂತಿದ್ದ ಸಮಿತಿಯವರಲ್ಲಿ ಒಬ್ಬರು ಮೈಮರೆತು ಕೈಯೆತ್ತಿಬಿಟ್ಟರು. ಪಾಠ ಅಷ್ಟು ಚೆನ್ನಾಗಿತ್ತು. ಬೆಲ್ ಹೊಡೆಯಿತು, ಎಲ್ಲರೂ ಚಹಾಕ್ಕೆ ಎದ್ದರು. ಹಲಗೆಯ ಬರಹಕ್ಕೇ ಇಪ್ಪತ್ತು ಅಂಕ, ಪರೀಕ್ಷಕರು ಆಮೇಲೆ ಬಂದು ನೋಡುತ್ತಾರೆ ಎಂದು ಮೊದಲೇ ತಿಳಿಸಿದ್ದರು. ಆದರೆ ಹದಿಮೂರು ವರ್ಷದ ಅಭ್ಯಾಸ ಕೈಯಲ್ಲಿ ಕೂತಿತ್ತು: ಇನ್ನೊಬ್ಬರ ಕೋಣೆ, ಬಿಟ್ಟು ಹೋಗುವಾಗ ಗುರುತು ಇರಬಾರದು. ಅವಳು ಡಸ್ಟರ್ ಎತ್ತಿ ಹಲಗೆಯನ್ನು ಮೂಲೆಯಿಂದ ಮೂಲೆಗೆ ಒರೆಸಿದಳು. ಮೇಲಿದ್ದ ತಾರೀಖನ್ನೂ ಬಿಡಲಿಲ್ಲ.

"ಅಯ್ಯೋ, ಬೇಡ ಬಿಡಿ ಮೇಡಂ, ಅದು ನನ್ ಕೆಲ್ಸ," ಎಂದ ಬಾಗಿಲಲ್ಲಿ ನಿಂತಿದ್ದ ಜವಾನ. ಅಷ್ಟರಲ್ಲಿ ಮುಗಿದಿತ್ತು.

ತಪ್ಪು ಹೊಳೆದದ್ದು ಕಾರಿಡಾರಿನಲ್ಲಿ. ಪರೀಕ್ಷಕರು ಚಹಾದ ಲೋಟ ಹಿಡಿದು ಒಳಗೆ ಹೋದದ್ದು, ಖಾಲಿ ಹಲಗೆಯನ್ನು ನೋಡಿದ್ದು, ಪೆನ್ನಿನ ಕ್ಯಾಪು ಮುಚ್ಚಿದ್ದು ಕಿಟಕಿಯಿಂದ ಕಂಡಿತು. ಒಳಗೆ ಹೋಗಿ ಒಂದು ಮಾತು ಹೇಳಬಹುದಿತ್ತು. ಅವಳು ಮೆಟ್ಟಿಲಿಳಿದು ಮನೆಗೆ ಬಂದಳು.

ಒಂದು ವಾರದಲ್ಲಿ ಫೋನ್ ಮಾಡುತ್ತೇವೆ ಎಂದಿದ್ದರು. ಹನ್ನೊಂದು ದಿನವಾಯಿತು. ಅವಳು ಇರುವುದು ಅಕ್ಕನ ಮನೆಯಲ್ಲಿ. ಅಕ್ಕ ದರ್ಜಿ, ಮುಂದಿನ ಕೋಣೆಯೇ ಅಂಗಡಿ. ಇವಳು ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಚ್ಚಲಿಗೆ ಹೋಗುವಳು. ಬಂದು ಗುಂಡಿಗಳ ಡಬ್ಬಿಯ ಪಕ್ಕ ಇಟ್ಟುಕೊಂಡು ಕೂರುವಳು. ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುವಳು, ಮತ್ತೆ ಬೆರೆಸುವಳು. ಸಿಗ್ನಲ್ ಇದೆಯೋ ಇಲ್ಲವೋ ಎಂದು ಅಕ್ಕನ ಫೋನಿನಿಂದ ತನಗೆ ತಾನೇ ರಿಂಗ್ ಕೊಟ್ಟು ನೋಡುವಳು.

"ಮೊಟ್ಟೆ ಇಟ್ಟಿದ್ಯೇನೇ ಅದ್ರ ಕೆಳಗೆ? ಕಾವು ಕೊಡ್ತಾ ಕೂತಿದ್ದೀಯ," ಎಂದಳು ಅಕ್ಕ, ಬಾಯಲ್ಲಿ ಸೂಜಿ ಕಚ್ಚಿಕೊಂಡು. "ನೀನೇ ಮಾಡಿ ಕೇಳು."

"ಕೇಳಿದ್ರೆ ಬೇಜಾರು ಮಾಡ್ಕೊಂಡ್ರೆ?"

"ಮಾಡ್ಕೊಳ್ಳಲಿ! ಹೂಂ ಹೂಂ ಅಂತ ಹದಿಮೂರು ವರ್ಷ ಸವೆಸ್ದೆ. ಒಂದ್ಸಲ ಬಾಯ್ಬಿಟ್ಟು ಬೇರೆ ಮಾತಾಡಿದ್ರೆ ನಾಲಿಗೆ ಬಿದ್ದೋಗುತ್ತಾ?"

ಎಂಟನೆಯ ದಿನ ಫೋನ್ ಬಂದಿತ್ತು. ನೀರಿನ ಫಿಲ್ಟರ್ ಮಾರುವವನು. ಅವಳು ಕಾಲುಗಂಟೆ ಕೇಳಿಸಿಕೊಂಡು ಕೊನೆಗೆ ಹೂಂ ಎಂದಿದ್ದಳು. ಅವನು ಶನಿವಾರ ಸಾಮಾನು ಸಮೇತ ಬಂದು ನಿಂತ. ಅವನನ್ನು ಸಾಗಹಾಕುವ ಹೊತ್ತಿಗೆ ಅಕ್ಕನಿಗೆ ಸಾಕುಬೇಕಾಗಿತ್ತು.

ಹನ್ನೆರಡನೆಯ ದಿನ ಬೆಳಿಗ್ಗೆ ಮತ್ತೆ ರಿಂಗಾಯಿತು. ಈ ಸಲ ಶಾಲೆಯ ಹೆಡ್ ಕ್ಲರ್ಕು. ಎತ್ತುವ ಅವಸರದಲ್ಲಿ ಸ್ಪೀಕರ್ ಒತ್ತಿಹೋಯಿತು, ಅಕ್ಕನಿಗೂ ಎಲ್ಲ ಕೇಳಿಸಿತು.

"ನೋಡಿ ಮೇಡಂ, ನಿಮ್ ಪಾಠಕ್ಕೇ ಜಾಸ್ತಿ ಅಂಕ ಬಂದಿದೆ. ಬೋರ್ಡಿನ ಕಾಲಂ ಒಂದು ಖಾಲಿ. ಜವಾನ ಒರೆಸಿದ ಅಂದ್ರೆ ತಪ್ಪು ನಮ್ದು, ಸರಾಸರಿ ಹಾಕಿ ಕೊಡ್ಬಹುದು. ಕೆಲ್ಸ ನಿಮ್ದೇ. ನೀವೇ ಒರೆಸಿದ್ರೆ ಸೊನ್ನೆ, ಇನ್ನೊಬ್ರಿಗೆ ಹೋಗುತ್ತೆ. ಅವ್ನೇ ತಾನೆ?"

ಅವಳು ಗುಂಡಿಯೊಂದನ್ನು ಬೆರಳಲ್ಲಿ ಒತ್ತಿ ಹಿಡಿದಿದ್ದಳು. "ಅವ್ನಿಗೇನಾಗುತ್ತೆ?"

"ಅವ್ನು ಟೆಂಪರರಿ. ಏನೋ ಆಗುತ್ತೆ, ಅದು ನಮ್ಗೆ ಬಿಡಿ. ಎದುರಿಗೇ ಫೈಲಿದೆ, ಸುಮ್ನೆ ಒಂದು ಹೂಂ ಅನ್ನಿ."

ಹೊಲಿಗೆ ಮಿಷನ್ನು ನಿಂತಿತ್ತು. ಅಕ್ಕ ಸೂಜಿಯನ್ನು ಬಾಯಿಂದ ತೆಗೆದು, ಕಣ್ಣರಳಿಸಿ, ಸದ್ದಿಲ್ಲದೆ ತುಟಿ ಆಡಿಸುತ್ತಿದ್ದಳು: ಅನ್ನೇ, ಹೂಂ ಅನ್ನೇ.

"ಅಲ್ಲ," ಎಂದಳು ಅವಳು. ದನಿ ಕೀರಲಾಗಿತ್ತು. "ನಾನೇ ಒರೆಸಿದ್ದು."

"ಯೋಚ್ನೆ ಮಾಡಿ ಮೇಡಂ. ಬರ್ಕೊಂಡ್ಮೇಲೆ ಮುಗೀತು. ಬರ್ಕೊಳ್ಳಾ?"

"ಬರ್ಕೊಳ್ಳಿ. ಅವ್ನು ಬೇಡ ಅಂತ ಹೇಳಿದ್ದ. ಅದನ್ನೂ ಬರ್ಕೊಳ್ಳಿ."